ಮೂವತ್ತೇಳನೇ ನಂಬರಿನ ಪರ್ವತಯ್ಯ

ಮದುವೆ ಕಾರ್ಡು ಹೊಡೆಸಬೇಕೆಂದರೆ ಮಧುಗಿರಿಯ ಪರ್ವತಯ್ಯನ ಪ್ರೆಸ್ಸಿಗೇ ಹೋಗಬೇಕು ಅಂತ ಕಾನೂನೇನಿಲ್ಲ. ಆದರೂ ಕೊರಟಗೆರೆ, ಸಿರಾ, ಪಾವಗಡದಿಂದೆಲ್ಲ ಜನ ಬಸ್ಸು ಹತ್ತಿ ಬರುತ್ತಾರೆ. ಯಾರನ್ನು ಹೇಗೆ ಕರೆದರೆ ಬರುತ್ತಾರೆ, ಹೇಗೆ ಕರೆದರೆ ಮುನಿಸಿಕೊಳ್ಳುತ್ತಾರೆ ಅನ್ನುವ ವಿದ್ಯೆಯನ್ನು ಆ ಮನುಷ್ಯ ನಲವತ್ತು ವರ್ಷದಿಂದ ಅರೆದು ಕುಡಿದಿದ್ದಾನೆ. ಸೋದರಮಾವನ ಹೆಸರು ಒಂದು ಗೆರೆ ಕೆಳಗಿಳಿದರೆ ಚಪ್ಪರದಲ್ಲಿ ಏನೇನು ರಂಪವಾಗುತ್ತದೆ ಅಂತ ಮೊದಲೇ ಹೇಳಿಬಿಡುತ್ತಾನೆ. ಅಂಥವನಿಗೇ ಒಂದು ಈಮೇಲ್ ಬಂತು ನೋಡಿ!

ಕಳಿಸಿದವಳು ಅನುಷಾ. ಮಿಡಿಗೇಶಿ ಕಡೆಯ ಹುಡುಗಿ, ಪಿಎಚ್‌ಡಿ ಮಾಡುತ್ತಿದ್ದಾಳೆ. ಸಕ್ಕರೆ ಕಾಯಿಲೆಯವರು ಮೂರು ತಿಂಗಳು ಅನ್ನದ ಬದಲು ನವಣೆ ಉಂಡರೆ ಏನಾಗುತ್ತದೆ ಅನ್ನುವುದು ಅವಳ ಸಂಶೋಧನೆ. ನಾಲ್ಕು ತಾಲ್ಲೂಕಿನಿಂದ ಅರವತ್ತು ಜನ ಒಪ್ಪಿದ್ದರು, ಪರ್ವತಯ್ಯನೂ ಒಬ್ಬ. ಹೆಂಡತಿ ಜಗದಾಂಬ ಬೇಯಿಸಿ ಹಾಕಿದ ನವಣೆಯನ್ನು ಮೂರು ತಿಂಗಳು ಗೊಣಗಿಕೊಂಡೇ ಉಂಡಿದ್ದ. ಈಗ ಎರಡನೇ ಸಲ ರಕ್ತ ಕೊಡಬೇಕಿತ್ತು. ಅದಕ್ಕೆ ಬಂದ ಕರೆ ಹೀಗಿತ್ತು:

“ಭಾಗವಹಿಸುವವರ ಸಂಖ್ಯೆ 37 ಇವರಿಗೆ. ಎರಡನೇ ಹಂತದ ಮಾದರಿ ಸಂಗ್ರಹಣೆಯನ್ನು ಶನಿವಾರ ಹಮ್ಮಿಕೊಳ್ಳಲಾಗಿದೆ. ಬರುವುದು ಬಿಡುವುದು ನಿಮ್ಮ ಇಷ್ಟ. ಬಾರದಿದ್ದರೂ ನಮಗೇನೂ ತೊಂದರೆ ಇಲ್ಲ.”

ಪರ್ವತಯ್ಯ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದ. “ಇವಳೇ, ಬಾ ಇಲ್ಲಿ! ನವಣೆ ತಿಂದೋನು ನಾನು, ಕರೆದಿರೋದು ಮೂವತ್ತೇಳನ್ನ! ನಿಮ್ಮಿಷ್ಟ ಅಂತೆ, ನಿಮ್ಮಿಷ್ಟ! ಹೋದ್ರೆ ಕೇಳು ನನ್ನ!” ಅಂದ. ಅಂದ ಮಾತಿನಂತೆ ಶನಿವಾರ ಪ್ರೆಸ್ ಬಿಟ್ಟು ಅಲ್ಲಾಡಲಿಲ್ಲ.

ಅವನೊಬ್ಬನೇ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅರವತ್ತರಲ್ಲಿ ಬಂದವರು ಬರೀ ಹನ್ನೊಂದು! ಇನ್ನು ಹದಿನೈದು ದಿನದೊಳಗೆ ಒಟ್ಟು ನಲವತ್ತೈದು ಜನವಾದರೂ ರಕ್ತ ಕೊಡದಿದ್ದರೆ ಅನುಷಾಳ ಮೂರು ವರ್ಷದ ಕೆಲಸ ಮಣ್ಣುಪಾಲು. ಸೋಮವಾರ ಬೆಳಗ್ಗೆ ಅವಳೇ ಪ್ರೆಸ್ಸಿಗೆ ಬಂದು ನಿಂತಳು.

“ಬರ್ಲೇಬೇಕು ಅಂತ ಹೇಳೋಕೆ ಬಂದಿಲ್ಲ ಸಾರ್. ಯಾಕೆ ಯಾರೂ ಬರ್ಲಿಲ್ಲ ಅಂತ ತಿಳ್ಕೊಂಡು ಹೋಗೋಣಾಂತ ಬಂದೆ.”

“ನೀನೇ ಬರಬೇಡಿ ಅಂದ್ಬುಟ್ಟು ಈಗ ಕೇಳ್ತೀಯಲ್ಲ ತಾಯಿ!”

“ನಾನಾ?”

“ಇನ್ನೇನು ನಾನಾ? ನಮ್ಮ ಕಡೆ ನಿಮ್ಮಿಷ್ಟ ಅನ್ನೋದು ಯಾವಾಗ? ಕರೆದೂ ಕರೆದೂ ಸಾಕಾಗಿ ಮುಖ ಊದಿಸ್ಕೊಂಡಾಗ! ಬಾರದಿದ್ರೂ ತೊಂದ್ರೆ ಇಲ್ಲ ಅಂದ್ರೆ, ಬಂದು ತೊಂದ್ರೆ ಕೊಡ್ಬೇಡ್ರಪ್ಪ ಅಂತ ಅರ್ಥ ಕಣಮ್ಮ.”

ಅನುಷಾ ತಲೆ ಮೇಲೆ ಕೈ ಹೊತ್ತು ಕೂತಳು. ಆಮೇಲೆ ನಗು ತಡೆಯಲಾಗಲಿಲ್ಲ. ಅವಳು ನಕ್ಕಿದ್ದು ಕಂಡು ಪರ್ವತಯ್ಯನ ಕೋಪವೂ ಇಳಿಯಿತು. “ಸರಿ ಬುಡು, ನಾನು ಬರೆದುಕೊಡ್ತೀನಿ” ಅಂತ ಕಂಪ್ಯೂಟರಿನ ಮುಂದೆ ಕೂತು ಟಪಟಪ ಕುಟ್ಟಿದ: “ತಾವು ಸಕುಟುಂಬ ಪರಿವಾರ ಸಮೇತರಾಗಿ ತಪ್ಪದೇ ಆಗಮಿಸಿ, ರಕ್ತವನ್ನಿತ್ತು...”

“ಅಯ್ಯೋ ಸಾರ್, ಪರಿವಾರ ಬೇಡ! ಅಷ್ಟು ಸೂಜಿ ಎಲ್ಲಿಂದ ತರಲಿ? ‘ತಪ್ಪದೇ’ ಅನ್ನೋದೂ ಬೇಡ. ಬರೋದು ಅವರವರ ಇಷ್ಟ ಅನ್ನೋದು ಇರಲೇಬೇಕು. ಅದು ನಿಯಮ.”

“ಯಾವನಮ್ಮ ಮಾಡಿದ್ದು ಈ ನಿಯಮಾನ?”

“ಯಾರು ಮಾಡಿದ್ರೋ, ನನಗಂತೂ ಬೇಕು ಸಾರ್.” ಅನುಷಾಳ ದನಿ ಬದಲಾಯಿತು. “ನಮ್ಮಜ್ಜಿ ಚಿಕ್ಕಹನುಮಕ್ಕ ಅಂತ. ಅವ್ರ ವಯಸ್ಸಿನ ಕಾಲದಲ್ಲಿ ಕೇರಿಗೆ ಒಂದು ಜೀಪ್ ಬಂತಂತೆ. ಹೆಂಗಸರ್ನೆಲ್ಲ ಹತ್ತಿಸ್ಕೊಂಡು ಹೋಗಿ ರಕ್ತ ತಗೊಂಡ್ರಂತೆ. ಯಾಕೆ ಅಂತ ಅಜ್ಜಿಗೆ ಇವತ್ತಿಗೂ ಗೊತ್ತಿಲ್ಲ. ಬರ್ತೀಯೇನಮ್ಮ ಅಂತ ಒಂದು ಮಾತು ಕೇಳ್ಲಿಲ್ಲ.”

ಪರ್ವತಯ್ಯನ ಬೆರಳು ಅಲ್ಲೇ ನಿಂತಿತು. ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಬೇಕು. ಕಾರ್ಡಿನಲ್ಲಿ ಹೆಸರು ಎಲ್ಲಿ ಬರಬೇಕು ಅಂತ ಜಗಳವಾಡುವ ಜನವನ್ನೇ ಅವನು ಇಷ್ಟು ವರ್ಷ ಕಂಡದ್ದು. ನಿನ್ನಿಷ್ಟವೇನು ಅಂತ ಯಾರೂ ಕೇಳದೆಯೇ ಮುದುಕಿಯಾದವರೂ ಇದ್ದಾರೆ ಅನ್ನುವುದು ಅವನಿಗೆ ಹೊಳೆದೇ ಇರಲಿಲ್ಲ.

ಜಗದಾಂಬ ಎರಡು ಸಲ ಕಾಫಿ ತಂದುಕೊಟ್ಟಳು. ಮಧ್ಯಾಹ್ನ ತಿರುಗುವ ಹೊತ್ತಿಗೆ, ಅವನು ಸೇರಿಸುವುದು ಇವಳು ತೆಗೆಯುವುದು ಎಲ್ಲ ಮುಗಿದು ಇಷ್ಟು ಉಳಿಯಿತು:

“ಶ್ರೀ ಪರ್ವತಯ್ಯನವರಿಗೆ ನಮಸ್ಕಾರ. ಮೂರು ತಿಂಗಳು ಬಾಯಿ ಕಟ್ಟಿ ನವಣೆ ಉಂಡಿದ್ದೀರಿ. ಅದರಿಂದ ಏನಾಯಿತು ಅಂತ ತಿಳಿಯಲು ಇನ್ನೊಂದು ಸಲ ನಿಮ್ಮ ರಕ್ತ ನೋಡಬೇಕಾಗಿದೆ. ಭಾನುವಾರ ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ಮೊದಲು ಬಂದಿದ್ದ ಶಾಲೆಯಲ್ಲೇ ಇರುತ್ತೇವೆ. ಹತ್ತು ನಿಮಿಷದ ಕೆಲಸ. ಬಂದರೆ ಸಂತೋಷ. ಬರಲು ಆಗದಿದ್ದರೂ, ಮನಸ್ಸಿಲ್ಲದಿದ್ದರೂ ಒಂದು ಸಾಲು ಬರೆಯಿರಿ, ಸಾಕು. ಕಾರಣ ಹೇಳಬೇಕಾಗಿಲ್ಲ. ನಮ್ಮ ವಿಶ್ವಾಸ ಹಾಗೇ ಇರುತ್ತದೆ. ಇಂತಿ, ಅನುಷಾ.”

ಅನುಷಾ ಅದನ್ನು ತನ್ನ ಪಿಎಚ್‌ಡಿ ಗೈಡಿಗೆ ತೋರಿಸಿ ಒಪ್ಪಿಗೆ ಪಡೆದಳು. ಉಳಿದವರ ಹೆಸರುಗಳನ್ನು ತಾನೇ ಒಂದೊಂದಾಗಿ ತುಂಬಿ ಕಳಿಸಿದಳು. ಪಟ್ಟಿಯನ್ನು ಪರ್ವತಯ್ಯನ ಕಣ್ಣಿಗೂ ಬೀಳಿಸಲಿಲ್ಲ.

ಭಾನುವಾರ ಆರೂವರೆಗೇ ಪರ್ವತಯ್ಯ ಶಾಲೆಯ ಗೇಟಿನಲ್ಲಿ. ರಕ್ತ ಕೊಟ್ಟವನು ಮನೆಗೆ ಹೋಗಬೇಕೋ ಬೇಡವೋ? ಹೆಣ್ಣಿನ ಕಡೆಯ ಯಜಮಾನನಂತೆ ಬಾಗಿಲಲ್ಲೇ ನಿಂತು ಎಣಿಸಿದ. ಸಿರಾದವರು ಬಂದರು, ತೋವಿನಕೆರೆಯವರು ಬಂದರು. ಹನ್ನೊಂದು ಹೊಡೆಯಿತು. ಹಳೇ ಹನ್ನೊಂದೂ ಸೇರಿ ನಲವತ್ತನಾಲ್ಕು! ಒಂದೇ ಒಂದು ಕಮ್ಮಿ.

ಅಷ್ಟರಲ್ಲಿ ಅನುಷಾಳ ಫೋನಿಗೆ ಪಾವಗಡದವರೊಬ್ಬರ ಉತ್ತರ ಬಂತು. “ಮಗಳ ಬಾಣಂತನ ಅಮ್ಮಾ, ಮನೆ ಬಿಟ್ಟು ಬರೋಕಾಗಲ್ಲ. ಬೇಜಾರಾಗ್ಬೇಡಿ.”

“ಯಾರವ್ನು? ಹೆಸರು ಹೇಳು” ಅಂತ ಪರ್ವತಯ್ಯ ತನ್ನ ಫೋನು ತೆಗೆದ. “ಅರ್ಧ ಪಾವಗಡಕ್ಕೆ ನಾನೇ ಕಾರ್ಡ್ ಹೊಡ್ದಿರೋದು. ಒಂದೇ ಫೋನು, ಓಡಿ ಬರ್ತಾನೆ!”

“ಹೇಳಲ್ಲ ಸಾರ್.”

“ಮೂರು ವರ್ಷ ಕಣಮ್ಮ!”

“ಗೊತ್ತು ಸಾರ್.” ಅವಳ ಕಣ್ಣು ತುಂಬಿತ್ತು, ಹೆಸರು ಮಾತ್ರ ಬಾಯಿಂದ ಹೊರಡಲಿಲ್ಲ. ಕೊನೆಗೆ ಕೇಳಿದಳು: “ಇವ್ರಿಗೆ ಏನಂತ ಬರೀಲಿ?”

ಬರುವುದಿಲ್ಲ ಅಂದವರಿಗೆ ಏನು ಬರೆಯಬೇಕು ಅಂತ ಪರ್ವತಯ್ಯನನ್ನು ಯಾರೂ ಕೇಳಿರಲಿಲ್ಲ. ಫೋನು ಮತ್ತೆ ಜೇಬಿಗೆ ಹಾಕಿಕೊಂಡ. “ತಿಳಿಸಿದ್ದಕ್ಕೆ ಸಂತೋಷ. ತಾಯಿ, ಮಗು ಹೆಂಗಿದಾರೆ ಅಂತ ಬರಿ.”

“ಅಷ್ಟೇನಾ?”

“ಅಷ್ಟೇ. ಇನ್ನೊಂದಕ್ಷರ ಸೇರಿಸ್ಬೇಡ.”

ಮೇಜು ಎತ್ತಿಡುವಷ್ಟರಲ್ಲಿ, ಪಾವಗಡದ ತೆಲುಗು ಬೆರೆತ ಮರುಉತ್ತರ ಬಂತು. “ಇಬ್ರೂ ಬಾಗುನ್ನಾರಮ್ಮಾ. ಹೆಣ್ಣು ಮಗು. ನಾನು ಬರೋಕಾಗಲ್ಲ ಅಂದೆ, ರಕ್ತ ಕೊಡಲ್ಲ ಅಂದ್ನಾ? ಗುರುವಾರ ನೀವೇ ಮನೆಗೆ ಬಂದ್ರೆ ನಡೆಯುತ್ತಾ?”

ಅನುಷಾ ಕುಣಿದಾಡಿಬಿಟ್ಟಳು. ಪರ್ವತಯ್ಯ ಕಣ್ಣೊರೆಸಿಕೊಂಡು, ಧೂಳು ಅಂತ ಬೇರೆ ಹೇಳಿದ. ಮನೆಗೆ ಹೋಗಿ ರಕ್ತ ತರಬಹುದು ಅಂತ ಗೈಡೂ ಫೋನಿನಲ್ಲೇ ಒಪ್ಪಿದರು.

ಗುರುವಾರ ಬೆಳಗ್ಗೆ, ರಕ್ತ ತೆಗೆಯುವ ಲೋಹಿತಾಳ ಜೊತೆ ಅನುಷಾ ಪಾವಗಡದ ಬಸ್ಸು ಕಾಯುತ್ತಿದ್ದಾಗ ಗಂಡಹೆಂಡತಿ ಇಬ್ಬರೂ ಬಂದರು. ಜಗದಾಂಬ ಒಂದು ಡಬ್ಬಿ ಮುಂದೆ ಹಿಡಿದಳು. “ಅಂಟಿನುಂಡೆ. ಬಾಣಂತಿಗೆ ಕೊಡು.”

“ಅಯ್ಯೋ ಬೇಡ ಆಂಟಿ. ಭಾಗವಹಿಸೋರಿಗೆ ಏನೂ ಕೊಡೋಹಂಗಿಲ್ಲ, ಆಸೆ ತೋರಿಸ್ದಂಗಾಗುತ್ತೆ.”

ಪರ್ವತಯ್ಯ, ಮುಗೀತು ಕಥೆ ಅನ್ನುವ ಹಾಗೆ ಹೆಂಡತಿಯ ಮುಖ ನೋಡಿದ. ಜಗದಾಂಬ ಡಬ್ಬಿ ಹಿಂದಕ್ಕೆ ತೆಗೆಯಲಿಲ್ಲ.

“ಆ ಬಾಣಂತಿ ನಿನ್ನ ಅರವತ್ತು ಜನದಲ್ಲಿ ಇದಾಳೇನಮ್ಮ?”

“ಇಲ್ಲ...”

“ಮತ್ತೆ ಬೇಡ ಅನ್ನೋಕೆ ನೀನ್ಯಾರು? ಬೇಡದಿದ್ರೆ ಅವಳೇ ಹೇಳ್ಲಿ.”

ಅನುಷಾ ನಗುತ್ತ ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಬಸ್ಸು ಹತ್ತಿದಳು.