ಅವ್ವ ಅರ್ಜಿ ಕೊಟ್ಟ ದಿನ

ನಾನು ಚಿಕ್ಕವಳಿದ್ದಾಗ ನಮ್ಮವ್ವ ಅಪ್ಪನ ಹೆಸರನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಅವ್ವ ಒಬ್ಬಳೇ ಅಲ್ಲ, ನಮ್ಮೂರಿನ ಯಾವ ಹೆಂಗಸೂ ಗಂಡನ ಹೆಸರು ಹೇಳುತ್ತಿರಲಿಲ್ಲ ಮಕ್ಕಳೇ. ಮದುವೆ, ಸೀಮಂತದ ಕುಬಸಗಳಲ್ಲಿ ಎಲ್ಲರೂ ಸೇರಿ ಕಾಡಿದರೆ ಪ್ರಾಸ ಹಾಕಿ ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಿ, ನಾಚಿ ಒಳಗೆ ಓಡುತ್ತಿದ್ದರು.

ಗುಳೇದಗುಡ್ಡದ ಹತ್ತಿರ ನಮ್ಮೂರು. ಪಡಸಾಲೆಯಲ್ಲೇ ನೆಲದ ಕುಣಿಯಲ್ಲಿ ಕುಳಿತು ನೇಯುವ ಕುಣಿಮಗ್ಗ. ಬೆಳಗಾದರೆ ಅದರ ಟಕಟಕ ಸದ್ದು, ಮನೆ ತುಂಬ ಹೊಸ ನೂಲಿನ ವಾಸನೆ. ಆ ವರ್ಷ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ಓಣಿಯ ಜಾಗ ಮೊದಲ ಸಲ ಹೆಂಗಸರಿಗೆ ಮೀಸಲಾಯಿತು. ಊರ ಗೌಡರು ಕಟ್ಟೆಯ ಮೇಲೆ ಕುಳಿತು, ತಮ್ಮ ಸೊಸೆಯೇ ಸದಸ್ಯೆಯಾಗಲಿ, ಅವಳ ಎದುರಿಗೆ ಯಾರೂ ನಿಲ್ಲುವುದು ಬೇಡ ಎಂದು ತೀರ್ಮಾನಿಸಿಬಿಟ್ಟರು. ಅವರ ಅಂಗಳದಲ್ಲಿ ಎರಡು ನಳ. ನಮ್ಮ ಓಣಿಗೆ ಒಂದೂ ಇರಲಿಲ್ಲ! ಅವ್ವನಿಗೆ ಸಿಟ್ಟು ನೆತ್ತಿಗೇರಿತು.

"ನಾ ನಿಂದರ್ತೇನಿ" ಎಂದಳು.

"ನಿಂದರು, ಯಾರ ಬ್ಯಾಡ ಅಂತಾರ?" ಎಂದು ನಕ್ಕ ಅಪ್ಪ, ನೇಯ್ದ ರವಿಕೆ ಖಣದ ಗಂಟು ಹೊತ್ತು ಕೆರೂರ ಸಂತೆಗೆ ಹೋದ.

ಅರ್ಜಿ ಕೊಡಲು ಅಂದೇ ಕಡೆಯ ದಿನ, ಅದೂ ಮೂರು ಗಂಟೆಯೊಳಗೆ. ಅಕ್ಕನನ್ನು ಮನೆಯಲ್ಲಿ ಬಿಟ್ಟು ಅವ್ವ ನನ್ನ ಕೈ ಹಿಡಿದು ಬಿರಬಿರನೆ ನಡೆದಳು. ಪಂಚಾಯಿತಿ ಕಚೇರಿಯ ಬೆಂಚಿನ ಮೇಲೆ ಗೌಡರು ಎಲೆ ಅಡಿಕೆ ಮೆಲ್ಲುತ್ತ ಕುಳಿತಿದ್ದರು. ಅವ್ವನಿಗೆ ಬರೆಯಲು ಬಾರದು, ಚುನಾವಣೆಯ ಸಾಹೇಬರೇ ಕೇಳಿ ಕೇಳಿ ಅರ್ಜಿ ತುಂಬಿದರು.

"ಆರಿಸಿ ಬಂದ್ರ ಐದು ವರ್ಷ ಕೆಲಸ ಮಾಡಬೇಕಾಗ್ತದ, ನೋಡ್ರಿ."

"ಮಾಡ್ತೇನ್ರಿ."

"ಗಂಡನ ಹೆಸರು?"

ಅವ್ವ ನನ್ನ ಮುಖ ನೋಡಿದಳು. ನಾನು ಹೇಳಲು ಬಾಯಿ ತೆರೆದೆ. ಗೌಡರು ತಡೆದರು.

"ಹುಡುಗಿ ಯಾಕ ಹೇಳಬೇಕು? ನಾಳೆ ಸಭಾದಾಗೂ ಮಗಳ ಕಡಿಂದ ಮಾತಾಡಸ್ತಿ ಏನ್ವಾ?"

ಕೂತವರೆಲ್ಲ ಘೊಳ್ಳೆಂದು ನಕ್ಕರು. ನನಗೆ ಅಳು ಬಂತು. ಗಡಿಯಾರದಲ್ಲಿ ಮೂರಕ್ಕೆ ಹತ್ತೇ ನಿಮಿಷ ಉಳಿದಿತ್ತು. ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಗೌಡರ ಕಡೆಗೇ ತಿರುಗಿದಳು.

"ಮಗ್ಗದ ಕುಣಿಯಾಗ ಕುಂತು ನೇಯ್ತೇನಿ ಖಣ,
ಓಣಿಗೆ ನೀರ ತರೂದು ನಂದೊಂದು ಪಣ,
ಸಂಗಪ್ಪನವರ ಹೆಸರ ಹೇಳೇನಿ, ಬರಕೋರಿ ಈ ಕ್ಷಣ!"

ನಗುತ್ತಿದ್ದವರೇ ಚಪ್ಪಾಳೆ ತಟ್ಟಿದರು. ಗೌಡರು ಮಾತ್ರ ಇಂಗು ತಿಂದ ಮಂಗನಂತೆ ಕುಳಿತಿದ್ದರು. ಸಾಹೇಬರು ನಗುತ್ತಲೇ ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡರು. ಅವ್ವ ಈ ಸಲ ನಾಚಲೂ ಇಲ್ಲ, ಓಡಲೂ ಇಲ್ಲ. ನನ್ನ ಎದೆ ಉಬ್ಬಿಹೋಯಿತು.

ಸಂಜೆಯೊಳಗೆ ಆ ಒಡಪು ಊರೆಲ್ಲ ಹರಡಿತು. ಅವ್ವ ಆರಿಸಿ ಬಂದಳು. ಎರಡನೆಯ ವರ್ಷ ಓಣಿಗೆ ನಳ ಬಂತು. ಐದು ವರ್ಷ ಮುಗಿದ ಮರುದಿನ ಮತ್ತೆ ಮಗ್ಗಕ್ಕೆ ಕುಳಿತಳು.

ಈಗ ನಿಮ್ಮವ್ವ ನಿಮ್ಮಪ್ಪನನ್ನು ಹೆಸರು ಹಿಡಿದೇ ಕರೆಯುತ್ತಾಳೆ. ನಿಮ್ಮ ಶಾಲೆಯಲ್ಲಿ ಮೊಬೈಲಿನ ಗುಂಡಿ ಒತ್ತಿ ತರಗತಿಯ ನಾಯಕರನ್ನು ಆರಿಸುತ್ತೀರಿ. ಆದರೂ ಮೊನ್ನೆ ನಮ್ಮ ಚಿಕ್ಕ ಮೊಮ್ಮಗಳು ಆ ಚುನಾವಣೆಗೆ ಹೆಸರು ಕೊಡಲು ನಾಚಿ ಬಾಗಿಲ ಹಿಂದೆ ಅಡಗಿದ್ದಳು. ಅವಳಿಗೆ ಇದನ್ನೆಲ್ಲ ಹೇಳಿದೆ. ಮರುದಿನ ಹೋಗಿ ಹೆಸರು ಕೊಟ್ಟಳು, ಎರಡು ಮತದಿಂದ ಸೋತಳು. ಸಮಾಧಾನ ಮಾಡೋಣವೆಂದು ಹತ್ತಿರ ಕರೆದರೆ ಅವಳೇ ನನಗೆ ಹೇಳಿದಳು:

"ಇರ್ಲಿ ಬಿಡ ಆಯಿ, ಗೆದ್ದಾಕಿದು ಒಂದ ವರ್ಷ. ಮುಂದಿನ ವರ್ಷ ಮತ್ತ ನಿಂದರ್ತೇನಿ."