ಅಕ್ಕನಿಗೆ ಬಂದ ಅಂಕ

ಬೀದಿಬೀದಿಯಲ್ಲೂ ಅವಳನ್ನು ‘ಅಳುವಿನ ಮೇಡಂ’ ಎಂದೇ ಕರೆಯುತ್ತಾರೆ. ಜನ ತಮ್ಮ ಸಿಟ್ಟು, ಸಂತೋಷ, ಅಳುವನ್ನು ಎಷ್ಟು ಹೊರಗೆ ತೋರಿಸುತ್ತಾರೆಂದು ಅಳೆಯುವುದೇ ಅವಳ ಉದ್ಯೋಗ. ಕಾಲೇಜಿನ ಮನಶ್ಶಾಸ್ತ್ರ ವಿಭಾಗದವರು ಕೊಟ್ಟ ಇಪ್ಪತ್ತು ಪ್ರಶ್ನೆಗಳ ಹಾಳೆ ಹಿಡಿದು ಮನೆಮನೆ ಸುತ್ತುತ್ತಾಳೆ. ಪ್ರತಿ ಉತ್ತರಕ್ಕೂ ಒಂದರಿಂದ ಆರರವರೆಗೆ ಅಂಕ; ಒಟ್ಟು ಹೆಚ್ಚಿದ್ದಷ್ಟೂ ಮನಸ್ಸು ಬಿಚ್ಚು. ಹದಿನಾಲ್ಕು ವರ್ಷದಿಂದ ಇದೇ ಸುತ್ತಾಟ.

ಸೇರಿದ ಮೊದಲ ವಾರ, ಕೈ ಪಳಗಲಿ ಎಂದು ಹೊಲಿಗೆ ಕೆಲಸದ ಅಕ್ಕನನ್ನೇ ಹಿಡಿದು ಕೂರಿಸಿದ್ದಳು. ಕೂಡಿಸಿದರೆ ನೂರ ಇಪ್ಪತ್ತಕ್ಕೆ ಬರೀ ಮೂವತ್ತಾರು. ಊಟದ ಹೊತ್ತಿಗೆ ಎಲ್ಲರ ಮುಂದೆ ಓದಿಯೂಬಿಟ್ಟಳು. ಅಣ್ಣ ‘ಬಂಡೆ’ ಎಂದು ಹೆಸರಿಟ್ಟ. ಆ ಹೆಸರು ಅಂಟಿಕೊಂಡಿತು. ಅಲ್ಲಿಂದ ಮುಂದೆ ಎದೆ ಗಟ್ಟಿ ಬೇಕಾದ ಕೆಲಸವೆಲ್ಲ ಬಂಡೆಯ ಪಾಲಿಗೆ. ಹೋದ ವರ್ಷ ಅಮ್ಮ ತೀರಿಕೊಂಡಾಗ ಆಸ್ಪತ್ರೆಯ ಕಾಗದಪತ್ರ ನೋಡಿದ್ದೂ, ಅಮ್ಮನ ಮೈ ತೊಳೆದು ಬಟ್ಟೆ ಉಡಿಸಿದ್ದೂ ಅಕ್ಕನೇ. ಉಳಿದವರು ಒಬ್ಬರ ಹೆಗಲಿಗೊಬ್ಬರು ಒರಗಿ ಅತ್ತರು.

ಮೊನ್ನೆ ಹಳೆಯ ಕಡತ ಖಾಲಿ ಮಾಡುವಾಗ ಅಕ್ಕನ ಆ ಹಾಳೆ ಸಿಕ್ಕಿತು. ‘ಅಳು ಬಂದರೆ ನುಂಗಿಕೊಳ್ಳುತ್ತೇನೆ’ ಎಂಬಂಥ ಹದಿನಾರು ಪ್ರಶ್ನೆಗಳು ಅದರಲ್ಲಿವೆ. ಅವಕ್ಕೆ ‘ಇಲ್ಲವೇ ಇಲ್ಲ’ ಎಂದು ಒಂದು ಹಾಕಿದವರು ಬಿಚ್ಚು ಮನಸ್ಸಿನವರು. ಅವರ ಒಂದನ್ನು ತಿರುಗಿಸಿ ಆರು ಮಾಡಿ ಕೂಡಿಸಬೇಕು. ಅಕ್ಕ ಹದಿನಾರಕ್ಕೂ ಒಂದೇ ಹಾಕಿದ್ದಳು; ಆಗಿನ್ನೂ ಹೊಸಬಳಾಗಿದ್ದ ಮೇಡಂ ಅವನ್ನು ತಿರುಗಿಸಿರಲೇ ಇಲ್ಲ. ಮತ್ತೆ ಕೂಡಿಸಿದಾಗ ಬಂದದ್ದು ನೂರ ಹದಿನಾರು. ಇಷ್ಟು ವರ್ಷದಲ್ಲಿ ಇನ್ಯಾರಿಗೂ ಅಷ್ಟು ಬಂದಿರಲಿಲ್ಲ.

ಅರ್ಧ ದಿನ ರಜೆ ಹಾಕಿ ಅಕ್ಕನ ಅಂಗಡಿಗೆ ಹೋದಳು.

“ಅಕ್ಕಾ, ನಾನು ಆವತ್ತು ತಪ್ಪು ಕೂಡಿಸಿದ್ದೆ ಕಣೇ. ನೀನು ಬಂಡೆ ಅಲ್ಲ.”

ಗುಂಡಿ ಹೊಲಿಯುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. “ಗೊತ್ತು.”

“ಮತ್ತೆ ಯಾಕೆ ಸುಮ್ಮನಿದ್ದೆ?”

“ಮೊದಮೊದಲು ಹೇಳ್ದೆ, ನೀವೆಲ್ಲ ನಕ್ಕುಬಿಟ್ರಿ. ಓದಿದವಳು ನೀನು, ನಿನ್ನ ಮಾತೇ ನಡೀತು. ಆಮೇಲೆ ಅಳು ಬಂದ್ರೂ ಆಡ್ಕೋತೀರ ಅಂತ ತಡ್ಕೊಂಡೆ. ಈಗ ಅದೇ ಅಭ್ಯಾಸ ಆಗಿದೆ.”

ತಂಗಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. “ತಪ್ಪಾಯ್ತು. ಅಣ್ಣನಿಗೂ ಈ ಹಾಳೆ ತೋರಿಸ್ತೀನಿ.”

“ಹಾಳೆ ಯಾಕೆ? ಅಮ್ಮನಿಗೆ ಬಟ್ಟೆ ಉಡಿಸೋವಾಗ ನೀನು ಬಾಗಿಲಲ್ಲೇ ನಿಂತಿದ್ದೆ. ಆಗ ಒಂದ್ಸಲ ನನ್ನ ಮುಖ ನೋಡಿದ್ರೆ ಸಾಕಿತ್ತು.”

ನಿಂತಿದ್ದು ನಿಜ. ಆ ಹೊತ್ತಿನ ಅಕ್ಕನ ಮುಖವನ್ನು ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ, ಅವಳು ಆ ಕಡೆ ನೋಡಿಯೇ ಇರಲಿಲ್ಲ.