ದಾಸವಾಳ ತಿನ್ನುವ ಉಡ

ಹೋದ ವಾರ ಆಫೀಸಿನ ಲಿಫ್ಟಿನಲ್ಲಿ ಯಾರೋ ಸನ್‌ಸ್ಕ್ರೀನ್ ಹಚ್ಚಿಕೊಂಡು ಬಂದಿದ್ದರು. ಹೊರಗೆ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ಬೂಟಿನ ತುಂಬ ಹಿಮ. ಆ ವಾಸನೆಗೆ ನೆನಪಾದವರು ರಾಚೆಸ್ಟರ್ ಹಿಲ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್. ಪ್ರತಿ ಫೆಬ್ರವರಿ ಅವರ ಕೋಟಿಗೆ ಇದೇ ವಾಸನೆ ಇರುತ್ತಿತ್ತು... ಅಥವಾ ಒಂದು ಸಲ ಇದ್ದದ್ದನ್ನು ಪ್ರತಿ ವರ್ಷಕ್ಕೂ ನಾನೇ ಹಂಚಿದ್ದೇನೋ.

ಕಾರಿನ ಬಿಡಿಭಾಗಗಳ ಕಂಪನಿಯಿಂದ ರಿಟೈರ್ ಆದ ಮೇಲೆ ಅವರು ಪ್ರತಿ ಜನವರಿ ಒಬ್ಬರೇ ಫ್ಲಾರಿಡಾಕ್ಕೆ ಡ್ರೈವ್ ಮಾಡಿಕೊಂಡು ಹೋಗಿ ಮೂರು ವಾರ ಇದ್ದು ಬರುತ್ತಿದ್ದರು. ಅಲ್ಲಿನ ದೊಡ್ಡ ಹಲ್ಲಿ, ಕಾಡು ಇಗ್ವಾನಾ ನೋಡುವುದಕ್ಕೆ ಎನ್ನುತ್ತಿದ್ದರು. ಆಂಟಿಗೆ ಹಲ್ಲಿ ಕಂಡರೇ ಆಗದು, ಅವರು ಹೋಗುತ್ತಿರಲಿಲ್ಲ. ನಮ್ಮವರ ಬಾಯಲ್ಲಿ ಇಗ್ವಾನಾ ಉಡವಾಯಿತು, ಅಂಕಲ್ ಉಡದ ಅಂಕಲ್ ಆದರು.

"ಉಡಕ್ಕೆ ಮೂರು ವಾರ ಬೇಕಾ ಅಂಕಲ್? ಹೆಸರೇನು ಅದರದ್ದು, ಲಿಂಡಾನಾ?" ಎಂದು ಕನ್ನಡದವರ ಪಾಟ್‌ಲಕ್ ಊಟದಲ್ಲಿ ಯಾರೋ ಕಾಲೆಳೆದರು.

"ಹೆಸರು ಕೇಳೋಷ್ಟು ಹತ್ರ ಬಿಟ್ಕೊಳ್ಳಲ್ಲಪ್ಪ ಅದು," ಎಂದು ಅಂಕಲ್ ನಕ್ಕರು. ಆಂಟಿ ನಗಲಿಲ್ಲ.

ಅಂಕಲ್ ಇಗ್ವಾನಾ ವರ್ಣಿಸತೊಡಗಿದರೆ ತಟ್ಟೆಯಲ್ಲಿ ಬಿಸಿಬೇಳೆಬಾತ್ ಆರುತ್ತಿತ್ತು. ಕಾಲುವೆ ದಂಡೆಯ ಕಲ್ಲಿನ ಮೇಲೆ ಬೆಳಗಿನ ಬಿಸಿಲಿಗೆ ಮೈಯೊಡ್ಡಿ ಕೂತಿರುತ್ತದಂತೆ. ಬೆನ್ನುದ್ದಕ್ಕೂ ಬಾಚಣಿಗೆ ಹಲ್ಲಿನಂಥ ಮುಳ್ಳು. ಗಂಟಲ ಕೆಳಗಿನ ಜೋಲುಚರ್ಮದೊಳಗೆ ಬಿಸಿಲು ತೂರಿದರೆ ನರಗಳೆಲ್ಲ ಎಳೆ ವೀಳ್ಯದೆಲೆಯಲ್ಲಿ ಕಂಡ ಹಾಗೆ ಕಾಣುತ್ತವಂತೆ. ಕೆನ್ನೆಯ ಕೆಳಗೆ ಒಂದೇ ಒಂದು ದುಂಡು ಹುರುಪೆ, ಯಾರೋ ಒತ್ತಿಟ್ಟ ಮುತ್ತು. ನೆತ್ತಿಯಲ್ಲಿ ಇನ್ನೊಂದು ಕಣ್ಣಿನಂಥದ್ದಿದ್ದು, ಗಿಡುಗದ ನೆರಳು ಹಾಯ್ದರೆ ತಿಳಿಯುತ್ತದಂತೆ. ಚಳಿ ಹೆಚ್ಚಾದರೆ ಮರದಿಂದ ಕಾಯಿಯಂತೆ ಉದುರಿ, ಬಿಸಿಲೇರಿದಾಗ ಎದ್ದು ಹೋಗುತ್ತದಂತೆ. ದಾಸವಾಳವೆಂದರೆ ಪ್ರಾಣವಂತೆ. ನಾನು "ಅಂತೆ" ಎಂದು ಬರೆಯುತ್ತಿದ್ದೇನೆ. ಅವರು ಒಮ್ಮೆಯೂ "ಅಂತೆ" ಎಂದವರಲ್ಲ.

ಇಷ್ಟೊಂದು ವಿವರ ಕೊಡುವ ಮನುಷ್ಯ ಏನನ್ನೋ ಮುಚ್ಚುತ್ತಿರಬೇಕು ಎಂದು ನನಗೆ ಅನ್ನಿಸಿತ್ತು.

ಒಂದು ಮಧ್ಯಾಹ್ನ ಆಂಟಿ ಬಂದು, ಕಾಫಿ ಮುಟ್ಟದೆ ಕೂತರು. "ನೀನು ಝುವಾಲಜಿ ಓದಿದೋಳು. ಉಡ ದಾಸವಾಳ ತಿನ್ನುತ್ತೇನಮ್ಮ?"

"ಇಲ್ಲ ಆಂಟಿ. ಉಡ ತಿನ್ನೋದು ಮೊಟ್ಟೆ, ಮಾಂಸ."

"ಹಾಗಾದ್ರೆ ಎಲ್ಲಾ ಸುಳ್ಳು."

ಮುಂದಿನ ಜನವರಿ ಆಂಟಿ ಅಂಕಲ್‌ರನ್ನು ಹೋಗಗೊಡಲಿಲ್ಲ. ಅದರ ಮುಂದಿನದೂ. ಮೂರನೆಯದಕ್ಕೆ ಅಂಕಲ್ ಇರಲಿಲ್ಲ.

ನನ್ನ ಉತ್ತರ ಉಡದ ಮಟ್ಟಿಗೆ ಸರಿ. ಆದರೆ ಇಗ್ವಾನಾ ಉಡವಲ್ಲ; ಅದು ಸೊಪ್ಪು, ಹೂವು ತಿನ್ನುವ ಪ್ರಾಣಿ. ಅಂದು ನನಗೆ ಅದು ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಿದ್ದೆನೋ... ಆ ದಿನದ ಡೈರಿಯಲ್ಲಿ "ಆಂಟಿ ಬಂದಿದ್ದರು" ಎಂದಷ್ಟೇ ಇದೆ. ಅಷ್ಟು ಚಿಕ್ಕದಾಗಿ ಬರೆಯುವವಳಲ್ಲ ನಾನು.

ಈ ಭಾನುವಾರ ಆಂಟಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಫೋನಿನಲ್ಲಿ ವಿಡಿಯೋ ತೋರಿಸಿದೆ: ಬೇಲಿಯ ಮೇಲೊಂದು ಹಸಿರು ಇಗ್ವಾನಾ, ಕೆಂಪು ದಾಸವಾಳ ಬಾಯಿಂದ ಅರ್ಧ ಹೊರಗೆ. ಆಂಟಿ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

"ಚೆನ್ನಾಗಿದೆ," ಎಂದರು. ಫೋನು ವಾಪಸು ಕೊಡುತ್ತ, "ಮೂರು ವಾರಾನೂ ಇದನ್ನೇ ನೋಡ್ತಿದ್ರು ಅಂತ ಇದರಿಂದ ಗೊತ್ತಾಗುತ್ತಾ?"

"ಗೊತ್ತಾಗಲ್ಲ ಆಂಟಿ."

"ಪ್ರತಿ ವರ್ಷ ನನ್ನನ್ನೂ ಕರೀತಿದ್ರು. ಬಾ, ನೀನೇ ನೋಡು ಅಂತ. ಅವತ್ತೇ ಹೇಳಿದ್ನಲ್ಲ ನಿಂಗೆ."

ಹೇಳಿದ್ದರೇ? ಬಚ್ಚಿಡುವವನು ಹೆಂಡತಿಯನ್ನು ಕರೆಯುತ್ತಾನೆಯೇ ಎಂದು ಅಂದೇ ಕೇಳಬಹುದಿತ್ತು. ನನಗೆ ನೆನಪಿಲ್ಲ. ಅಂಕಲ್ ಈ ಹಿಮದಲ್ಲಿ ಮನೆಯೊಳಗೇ ಕಳೆದ ಎರಡು ಜನವರಿಗಳು ಮಾತ್ರ ಯಾರಿಗೆ ನೆನಪಿರಲಿ ಬಿಡಲಿ, ನಿಜ.